ಮಾತಿಗೆ ವಾಲುವ ಚರಂಡಿ

ನಮ್ಮೂರಿನ ದೊಡ್ಡ ಚರಂಡಿಗೆ ಮಾತು ಅಂದರೆ ಪ್ರಾಣ. ಯಾವ ದಂಡೆಯಲ್ಲಿ ಜನ ಮಾತಾಡ್ತಾರೋ ನೀರು ಆ ದಂಡೆಗೇ ವಾಲುತ್ತೆ, ವಾಲಿ ಮಣ್ಣು ತಿನ್ನುತ್ತೆ. ಬೇಸಿಗೆಯಲ್ಲಿ ಚಿಂತೆಯಿಲ್ಲ. ಆಗ ಅದರಲ್ಲಿ ನೀರೇ ಇರೋದಿಲ್ಲ, ಎಷ್ಟು ಬೇಕಾದರೂ ಬಾಯಿ ಬಡ್ಕೊಳ್ಳಬಹುದು. ಮಳೆ ಹಿಡೀತು ಅಂದರೆ ಮಾತ್ರ ಚರಂಡಿ ಪಕ್ಕದ ಮನೆಯವರು ಹಿತ್ತಲಲ್ಲಿ ತುಟಿ ಪಿಟಕ್ ಅನ್ನೋದಿಲ್ಲ. ಜಗಳ ಬಂದರೆ ಗಂಡ ಹೆಂಡತಿ ಮುಂದಿನ ಜಗಲಿಗೆ ಹೋಗಿ ಆಡ್ತಾರೆ, ಬೀದಿಯವರು ನಿಂತು ಕೇಳಿಸಿಕೊಂಡು ಹೋಗ್ತಾರೆ. ಹೆಣ್ಣು ನೋಡೋಕೆ ಬಂದವರು ಹುಡುಗಿ ವಿಷಯ ಆಮೇಲೆ ಕೇಳ್ತಾರೆ, ಮೊದಲು ಕೇಳೋದು ಹಿತ್ತಲು ಎಷ್ಟು ಉಳಿದಿದೆ ಅಂತ. ಪೂರ್ತಿ ಹೋಗಿದ್ದರೆ ಜಗಳಗಂಟರ ಮನೆ. ಪೂರ್ತಿ ಉಳಿದಿದ್ದರೆ ಅದಕ್ಕಿಂತ ಕಷ್ಟ, ಅಂಥವರ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡೋದಿಲ್ಲ ಅಂತ ಅರ್ಥ. ಅರ್ಧಂಬರ್ಧ ಹಿತ್ತಲಿದ್ದರೆ ಕೂಡಲೇ ತಾಂಬೂಲ ಬದಲಾಯಿಸಿಕೊಳ್ತಾರೆ.

ಎಲ್ಲ ಸದ್ದಿಗೂ ಅದು ಬರೋದಿಲ್ಲ ಅನ್ನಿ. ರೇಡಿಯೋ ಹಾಕಿದರೆ ತಿರುಗಿಯೂ ನೋಡಲ್ಲ. ಭಜನೆಗೂ ಅಷ್ಟೇ. ಭಾಷಣ ಅಂದರಂತೂ ಇನ್ನಷ್ಟು ದೂರ ಸರಿದುಬಿಡುತ್ತೆ. ಅದಕ್ಕೆ ಬೇಕಾದ್ದು ಮನೆಮಾತು. ಯಾರ ಮಗಳು ಬಾಣಂತನಕ್ಕೆ ಬಂದಳು, ಯಾರ ಸಾರಿಗೆ ಉಪ್ಪು ಜಾಸ್ತಿಯಾಯ್ತು, ಯಾರು ಯಾರನ್ನ ಮದುವೆಮನೆಯಲ್ಲಿ ಮಾತಾಡಿಸದೆ ಹೋದರು, ಇಂಥವು.

ಇಂಥ ಚರಂಡಿಯ ದಂಡೆ ಮೇಲೆ ದೇವರು ನನ್ನನ್ನ ತಂದು ಕೂರಿಸಿದ. ಕಮಲಾಕ್ಷಿ ಅಂದರೆ ಊರಲ್ಲಿ ಯಾರಿಗೂ ಥಟ್ಟನೆ ಗೊತ್ತಾಗಲ್ಲ. ಗಿರಣಿ ಬಾಯಮ್ಮ ಅನ್ನಿ, ಕಣ್ಣು ಮುಚ್ಚಿಕೊಂಡು ದಾರಿ ತೋರಿಸ್ತಾರೆ. ಹಿಟ್ಟಿನ ಗಿರಣಿ ನನ್ನ ಗಂಡ ಕಟ್ಟಿದ್ದು. ಹ್ಯಾಂಡಲ್ ಹೊಡೆದು ಶುರು ಮಾಡೋ ಒಂದು ಆಯಿಲ್ ಇಂಜಿನ್ನು, ಬೀಸೋ ಕಲ್ಲು ಎರಡು, ನಡುವೆ ಬೆಲ್ಟು. ಇಂಜಿನ್ನನ್ನ ಆಳುದ್ದ ಪಾಯ ತೋಡಿ ಕಾಂಕ್ರೀಟು ಹಾಕಿ ಕೂರಿಸಿದಾರೆ, ಕಿತ್ತು ಬೇರೆ ಕಡೆ ಇಡ್ತೀನಿ ಅಂದರೆ ಆಗೋ ಮಾತಲ್ಲ. ಅವರು ಹೋಗಿ ಒಂಬತ್ತು ವರ್ಷ. ಅಂದಿನಿಂದ ನಾನೇ ನಡೆಸ್ತಿದೀನಿ. ನನಗೆ ಅನ್ನ ಹಾಕ್ತಿರೋದು ಅದು, ಊರಲ್ಲಿ ತಲೆಯೆತ್ತಿ ಓಡಾಡೋ ಹಾಗೆ ಮಾಡಿದ್ದೂ ಅದೇ.

ಮಳೆಗಾಲದಲ್ಲಿ ಗಿರಣಿ ಬಾಗಿಲಿಗೆ ಸ್ಲೇಟು ನೇತುಹಾಕಿರ್ತೀನಿ. ಬಂದವರು ‘ರಾಗಿ, ನುಣ್ಣಗೆ’, ‘ಗೋಧಿ, ತರಿತರಿ’ ಅಂತ ಬರೆದು ತೋರಿಸ್ತಾರೆ, ನಾನು ತಲೆ ಆಡಿಸ್ತೀನಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರ್ತಿರಲಿಲ್ಲ. ಆದರೆ ಬಳೆ ಮಾರೋ ಹುಸೇನಮ್ಮ ಬರ್ತಾಳಲ್ಲ, ನನ್ನ ಜೀವದ ಗೆಳತಿ, ಅವಳು ಸ್ಲೇಟಿನ ಮೇಲೆ ‘ಅಕ್ಕಾ, ಒಂದು ವಿಷಯ ಗೊತ್ತಾ?’ ಅಂತ ಬರೀತಾಳೆ. ಅಷ್ಟು ಬರೆದು ಮಿಕಿಮಿಕಿ ನೋಡ್ತಾ ಕೂತುಬಿಡ್ತಾಳೆ. ನೀವೇ ಹೇಳಿ, ಯಾರ ಕೈಲಿ ತಡ್ಕೊಳ್ಳೋಕಾಗುತ್ತೆ? ‘ಏನೇ ಅದು?’ ಅಂತ ನನ್ನ ಬಾಯಿಂದ ಬಿದ್ದೇ ಹೋಗುತ್ತೆ. ಇಂಜಿನ್ನಿನ ಸದ್ದಿನಲ್ಲಿ ಮೆತ್ತಗೆ ಮಾತಾಡಿದರೆ ಕೇಳಿಸೋದೂ ಇಲ್ಲ, ಕೂಗಿಯೇ ಆಡಬೇಕು. ಚರಂಡಿ ಬಂದು ನಮ್ಮ ಕಾಲ ಬುಡದಲ್ಲಿ ಕೂತಿರುತ್ತೆ.

ಎದುರು ದಂಡೆಯಲ್ಲಿ ಗಡಿಯಾರ ರಿಪೇರಿ ದೇವೀರಪ್ಪನವರ ಮನೆ. ಹನ್ನೆರಡು ವರ್ಷದ ಹಿಂದೆ ಈ ಊರಿಗೆ ಬಂದವರು, ಒಂಟಿ ಮನುಷ್ಯ. ಕಣ್ಣಿಗೆ ಆ ಕರಿ ಮಸೂರ ಸಿಕ್ಕಿಸಿಕೊಂಡು ಕೂತರೆ ಪ್ರಪಂಚವೇ ಬೇಡ. ಅಂಗಡಿಯಲ್ಲಿ ಅವರು ಆಡೋದು ಮೂರೇ ಮಾತು: ‘ಹ್ಞೂಂ’, ‘ಉಹ್ಞೂಂ’, ‘ಗುರುವಾರ ಬನ್ನಿ’. ಹಿತ್ತಲಿಗೆ ಬಂದರೆ ಅದೂ ಇಲ್ಲ. ಒಂದು ಮಣೆ ಹಾಕ್ಕೊಂಡು ಹೀರೆಕಾಯಿ ಚಪ್ಪರದ ಹಿಂದೆ ಸುಮ್ಮನೆ ಕೂತಿರ್ತಿದ್ದರು. ಹಾಗಾಗಿ ಏನಾಯ್ತು? ವರ್ಷಕ್ಕೆ ಒಂದಡಿಯ ಹಾಗೆ ನನ್ನ ಹಿತ್ತಲು ಕರಗ್ತಾ ಹೋಯ್ತು, ಅವರ ಹಿತ್ತಲು ಬೆಳೀತಾ ಹೋಯ್ತು. ಹನ್ನೊಂದು ಅಡಿ! ಮೊದಲು ಬಟ್ಟೆ ಒಗೆಯೋ ಕಲ್ಲು ಹೋಯ್ತು, ಆಮೇಲೆ ಕರಿಬೇವಿನ ಗಿಡ, ಆಮೇಲೆ ನುಗ್ಗೆ ಮರ. ಆ ನುಗ್ಗೆ ಮರ ಎಂಥ ದ್ರೋಹಿ ಅಂದರೆ ನಿಂತ ಹಾಗೇ ತೇಲಿಕೊಂಡು ಹೋಗಿ ಅವರ ದಂಡೆಯಲ್ಲಿ ಬೇರು ಬಿಡ್ತು. ಮಾರನೇ ವರ್ಷ ಗೊಂಚಲು ಗೊಂಚಲು ಕಾಯಿ, ಅಷ್ಟೂ ಅವರ ಸಾರಿಗೆ.

ನನ್ನ ಮೈಯೆಲ್ಲ ಉರಿದುಹೋಯ್ತು. ಹೋದ ಬೇಸಿಗೆಯಲ್ಲಿ ಸೀದಾ ಅವರ ಅಂಗಡಿಗೇ ಹೋದೆ.

“ದೇವೀರಪ್ಪನೋರೇ, ಮಳೆಗಾಲದಲ್ಲಿ ನೀವೂ ಹಿತ್ತಲಲ್ಲಿ ಕೂತು ನಾಲ್ಕು ಮಾತಾಡಿ. ಮನೇಲಿ ಯಾರೂ ಇಲ್ಲದಿದ್ರೆ ಹೀರೆಕಾಯಿ ಜೊತೆ ಆಡಿ. ನನ್ನ ಮಣ್ಣು ನನಗೆ ಉಳೀಲಿ,” ಅಂದೆ.

ಮಸೂರದೊಳಗಿಂದ ನನ್ನನ್ನ ನೋಡಿದರು. ಏನೋ ಹೇಳೋ ಹಾಗೆ ಬಾಯಿ ತೆರೆದರು. ಆಮೇಲೆ ತಲೆ ತಗ್ಗಿಸಿ “ಉಹ್ಞೂಂ” ಅಂದುಬಿಟ್ಟರು. ಅವತ್ತಿನಿಂದ ಊರೆಲ್ಲ ಸಾರಿಕೊಂಡು ಬಂದೆ, ಬಾಯಿ ಮುಚ್ಚಿಕೊಂಡೇ ಮಣ್ಣು ಕದಿಯೋ ಕಳ್ಳ ಇವರು ಅಂತ.

ಈ ವರ್ಷ ಮೊದಲನೇ ಮಳೆಗೇ ಚರಂಡಿ ಗಿರಣಿ ಗೋಡೆಗೆ ಒಂದು ಮಾರು ದೂರಕ್ಕೆ ಬಂತು. ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಇಂಜಿನ್ನು ಓಡುವಾಗ ಆ ಬಿರುಕಿನಿಂದ ಗಾರೆ ಉದುರಿ ಹಿಟ್ಟಿನ ಡಬ್ಬಕ್ಕೆ ಬೀಳೋದು. ಇನ್ನೊಂದು ಸಲ ದಂಡೆ ಕುಸಿದರೆ ಪಾಯ ಹೋಗುತ್ತೆ, ಪಾಯ ಹೋದರೆ ಗಿರಣಿ. ಗಿರಣಿ ಹೋದರೆ ನಾನು ಯಾರು, ಏನು ಮಾಡಲಿ? ಕೂಡಲೇ ಪುರಸಭೆಗೆ ಅರ್ಜಿ ಬರೆದೆ. ಚರಂಡಿ ಊರಿನದು. ದಂಡೆಗೆ ಮೊದಲು ಕಲ್ಲಿನ ತಡೆಗೋಡೆ ಇತ್ತು, ಅದನ್ನ ಕಿತ್ತು ನಿಮ್ಮ ಆಫೀಸಿಗೆ ಮೆಟ್ಟಿಲು ಮಾಡಿಕೊಂಡವರು ನೀವು. ಆದ್ದರಿಂದ ಕಲ್ಲು ಕಟ್ಟಿಸಿಕೊಡಿ, ಎದುರು ಮನೆಯವರಿಂದ ನನ್ನ ಹನ್ನೊಂದು ಅಡಿ ಬಿಡಿಸಿಕೊಡಿ. ಇಷ್ಟೇ.

ಓವರ್‌ಸಿಯರ್ ಗುಂಡಾಚಾರ್ ಎರಡು ಸಲ ಓದಿದರು. ಕನ್ನಡಕ ಹಣೆ ಮೇಲೆ ಏರಿಸಿದರು.

“ನೋಡಮ್ಮಾ, ಊರಿನ ಕಾನೂನು ಒಂದೇ. ಯಾರ ಮಾತಿಗೆ ನೀರು ವಾಲ್ತೋ ಅವರದೇ ಹೊಣೆ. ನಿನ್ನ ಬಾಯಿ ಎಂಥದು ಅಂತ ಊರಿಗೇ ಗೊತ್ತು. ಆದ್ರೂ ಬಂದು ಮಹಜರು ಮಾಡ್ತೀನಿ.”

“ಮಾಡಿ ಸ್ವಾಮಿ. ನನ್ನ ಬಾಯಿ ಕಾಣಿಸ್ತು, ದಿನಾ ಹತ್ತಿ ಬರೋ ಮೆಟ್ಟಿಲು ಕಾಣಿಸಲ್ವಾ?” ಅಂದು ಎದ್ದು ಬಂದೆ.

ಚರಂಡಿ ಕೊರೆತದ ಮಹಜರನ್ನ ಬೇಸಿಗೆಯಲ್ಲಿ ಮಾಡಬೇಕು. ತುಂಬಿದ ಆಷಾಢದಲ್ಲಿ ಮಾಡೋದು ನಮ್ಮ ಪುರಸಭೆಗೆ ಮಾತ್ರ ಸಾಧ್ಯ. ಅವತ್ತು ಮಳೆ ಬಿಟ್ಟು ಬಿಟ್ಟು ಬರ್ತಿತ್ತು, ಚರಂಡಿ ಕೆಂಪಗೆ ತುಂಬಿ ಹರೀತಿತ್ತು. ಗುಂಡಾಚಾರ್ ಜೊತೆ ಹತ್ತು ಹನ್ನೆರಡು ಜನ ಪಂಚರು ನನ್ನ ದಂಡೆಗೆ ಬಂದರು. ಹುಸೇನಮ್ಮ ನನ್ನ ಕಡೆ ಸಾಕ್ಷಿ. ದೇವೀರಪ್ಪನವರು ಎದುರು ಪಾರ್ಟಿಯಲ್ಲವೇ, ಆಚೆ ತಮ್ಮ ದಂಡೆಯಲ್ಲೇ ಕೊಡೆ ಹಿಡಿದು ನಿಂತಿದ್ದರು. ಗುಂಡಾಚಾರ್ ಬಂದವರಿಗೆಲ್ಲ ಒಂದೊಂದು ಸ್ಲೇಟು, ಬಳಪ ಹಂಚಿ, ತುಟಿ ಮೇಲೆ ಬೆರಳಿಟ್ಟು ಎಚ್ಚರಿಕೆ ಕೊಟ್ಟರು. ಟೇಪು ಹಿಡಿದು ಅಳೆದರು. ಒಬ್ಬರು ಬರೆದದ್ದನ್ನ ಇನ್ನೊಬ್ಬರು ಅಡ್ಡಡ್ಡ ತಲೆ ಆಡಿಸಿ ಅಳಿಸೋದು, ಪಂಚೆ ಚುಂಗಿನಲ್ಲಿ ಒರೆಸೋದು, ಮಳೆಹನಿ ಬಿದ್ದು ಬರೆದದ್ದು ಕರಗೋದು. ನೋಡೋಕೆ ಮೂಕರ ಶಾಲೆಯ ಪರೀಕ್ಷೆ ಥರ ಇತ್ತು. ಅರ್ಧ ಗಂಟೆ ಎಲ್ಲ ಚೆನ್ನಾಗಿಯೇ ನಡೀತು.

ಆಮೇಲೆ ಗುಂಡಾಚಾರ್ ತಮ್ಮ ಸ್ಲೇಟನ್ನ ಎದೆಗೆ ಒತ್ತಿ ಹಿಡಿದು ಏನೋ ಬರೆದರು. ಎಲ್ಲರಿಗೂ ಕಾಣೋ ಹಾಗೆ ತಿರುಗಿಸಿದರು. ‘ಗಿರಣಿಯೇ ಕಾರಣ. ಎಂಟು ದಿನದೊಳಗೆ ಮುಚ್ಚತಕ್ಕದ್ದು.’

“ಏನು ಮುಚ್ಚೋದು?” ಅಂತ ಕಿರುಚಿದೆ. ಆ ಮಾತು ನಾನು ಆಡಿದ್ದಲ್ಲ, ಹೊಟ್ಟೆಯಿಂದ ತಾನೇ ಬಂತು. “ಕಲ್ಲು ಕಿತ್ತವರು ನೀವು, ಮುಚ್ಚಬೇಕಾದವಳು ನಾನಾ?”

“ಅಮ್ಮಾ, ಮೆಲ್ಲಗೆ!” ಅಂತ ಗುಂಡಾಚಾರ್ ನನಗಿಂತ ಜೋರಾಗಿ ಕೂಗಿದರು. ಮೆಲ್ಲಗೆ ಅನ್ನೋದನ್ನ ಕೂಗಿ ಹೇಳಿದರೆ ಅದೂ ಮಾತೇ ಅಲ್ವೇ? ಅಲ್ಲಿಗೆ ಎಲ್ಲರ ಬಾಯಿ ಬಿಚ್ಚಿಕೊಳ್ತು. ಆ ಮೆಟ್ಟಿಲಲ್ಲಿ ಜಾರಿ ಬಿದ್ದವರೊಬ್ಬರು ಸೊಂಟ ತಿರುಗಿಸಿ ತೋರಿಸಿದರು. ಇನ್ನೊಬ್ಬರು ಮೆಟ್ಟಿಲು ಕಟ್ಟಿದವನು ಗುಂಡಾಚಾರರ ಭಾವಮೈದುನ ಅಂದರು. ಹುಸೇನಮ್ಮ ಸ್ಲೇಟು ಬಿಸಾಕಿ, ಸೆರಗು ಸಿಕ್ಕಿಸಿ, “ಆ ಭಾವಮೈದುನನ ಹೆಂಡತಿ ಮೊನ್ನೆ ಯಾಕೆ ತವರಿಗೆ ಹೋದಳು ಗೊತ್ತಾ?” ಅಂತ ಶುರು ಮಾಡಿಯೇಬಿಟ್ಟಳು. ಚರಂಡಿಗೆ ಹಬ್ಬವೋ ಹಬ್ಬ.

ದಡ್ ಅಂತ ಸದ್ದಾಯ್ತು. ಟೇಪು ಹಿಡಿದವನು ನಿಂತಿದ್ದ ಜಾಗವೇ ಇಲ್ಲ. ಪುಣ್ಯಕ್ಕೆ ಅವನನ್ನ ಯಾರೋ ಕಾಲರ್ ಹಿಡಿದು ಎಳೆದರು, ಟೇಪು ಹೋಯ್ತು. ನೀರು ಗಿರಣಿ ಗೋಡೆಯ ಬುಡಕ್ಕೇ ಬಂತು. ಬಿರುಕು ಮುಷ್ಟಿ ತೂರುವಷ್ಟು ಬಾಯಿ ಬಿಡ್ತು, ಒಳಗಿನ ಇಂಜಿನ್ನು ಹೊರಗಿಂದಲೇ ಕಾಣ್ತಿತ್ತು.

ಎಲ್ಲರ ಬಾಯಿಗೂ ಬೀಗ ಬಿತ್ತು. ಆದರೆ ನೀರು ಹೋಗಲಿಲ್ಲ. ಹುಸೇನಮ್ಮನ ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಮುಂದೇನಾಯ್ತು ಅಂತ ಗೋಡೆಗೆ ಮೈ ಒರಗಿಸಿಕೊಂಡು ಕಾಯ್ತಿತ್ತು. ಒಂದೊಂದು ಹಿಡಿ ಮಣ್ಣು ಜಾರ್ತಾನೇ ಇತ್ತು. ಅದನ್ನ ಆಚೆ ಕರೀಬೇಕು ಅಂದರೆ ಆಚೆ ದಂಡೆಯಲ್ಲಿ ಯಾರಾದರೂ ಮಾತಾಡಬೇಕು. ಸೇತುವೆ ಇರೋದು ಸಂತೆ ಮೈದಾನದ ಹತ್ತಿರ. ಓಡಿ ಸುತ್ತಿಕೊಂಡು ಹೋಗೋಷ್ಟರಲ್ಲಿ ಗಿರಣಿ ಇರೋದಿಲ್ಲ. ಆಚೆ ಇದ್ದವರು ದೇವೀರಪ್ಪ ಒಬ್ಬರೇ.

ಕಳ್ಳ ಅಂತ ಊರೆಲ್ಲ ಸಾರಿದವಳು ನಾನು. ಯಾವ ಮುಖ ಇಟ್ಟುಕೊಂಡು ಕೇಳಲಿ? ಆದರೂ ಅವರ ಕಡೆ ತಿರುಗಿ ಎರಡೂ ಕೈ ಜೋಡಿಸಿದೆ.

ಅವರು ಕೊಡೆ ಮಡಿಸಿದರು. ಗಂಟಲು ಸರಿ ಮಾಡಿಕೊಂಡು “ಎಲ್ಲರಿಗೂ ನಮಸ್ಕಾರ,” ಅಂದರು. ನೀರು ಅಲ್ಲಾಡಲಿಲ್ಲ. “ಈ ವರ್ಷ ಮಳೆ ಜಾಸ್ತಿ,” ಅಂದರು. ಉಹ್ಞೂಂ. ಅಯ್ಯೋ ದೇವರೇ, ಈ ಮನುಷ್ಯನಿಗೆ ಮಾತೇ ಬರಲ್ವಲ್ಲ ಅಂತ ನಾನು ಹಣೆ ಚಚ್ಚಿಕೊಂಡೆ. ಅವರು ನನ್ನನ್ನೇ ನೋಡಿದರು. ಆಮೇಲೆ ಒಂದು ಕೈ ಸೊಂಟಕ್ಕೆ ಇಟ್ಟುಕೊಂಡರು. ನಾನು ಇಡೋ ಹಾಗೆಯೇ.

“ನಾಲ್ಕು ವರ್ಷದ ಹಿಂದೆ ಕಮಲಾಕ್ಷಮ್ಮ ಹುಸೇನಮ್ಮಂಗೆ ಹೇಳಿದ್ರು. ‘ಅಯ್ಯೋ ಬಿಡೇ, ನಮ್ಮವರ ಕಥೆ ಏನು ಕೇಳ್ತೀಯ! ಒಂದಿನ ನಿದ್ದೆಗಣ್ಣಲ್ಲಿ, ಬೆಲ್ಟು ಜಾರಿತು ಅಂತ ಎದ್ದು, ನನ್ನ ಜಡೆ ಹಿಡಿದು ಬಿಗಿ ಮಾಡೋಕೆ ಹೊರಟರು ಕಣೇ!’”

ನೀರು ಸರಕ್ಕನೆ ತಿರುಗಿತು. ನಾನೂ ಬೆಚ್ಚಿಬಿದ್ದೆ. ಮಾತು ನಂದು, ರಾಗ ನಂದು, ಕೊನೆಗೆ ಕೈ ಬೀಸಿದ ರೀತಿಯೂ ನಂದೇ.

“ಗುಂಡಾಚಾರ್ ಮನೆಯಿಂದ ಬರೋ ಗೋಧಿಗೆ ಅರ್ಧ ಜೋಳ ಬೆರೆತಿರುತ್ತಂತೆ. ಬೆರೆಸೋರು ಅವರ ಹೆಂಡತೀನೇ. ಇವರು ‘ಗೋಧಿ ಅಂದ್ರೆ ಇದು,’ ಅಂತ ಹೊಗಳಿಕೊಂಡು ತಿಂತಾರಂತೆ ಪಾಪ.”

ಗುಂಡಾಚಾರ್ ಕೈಯಿಂದ ಸ್ಲೇಟು ಬಿತ್ತು. ಕೂಗೋಕೆ ಹೊರಟ ಅವರನ್ನ ಇಬ್ಬರು ಪಂಚರು ಅಪ್ಪಿ ಹಿಡಿದು ಬಾಯಿ ಮುಚ್ಚಿದರು. ಹುಸೇನಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗ್ತಿದ್ದಳು. ದೇವೀರಪ್ಪನವರು ನಿಲ್ಲಲಿಲ್ಲ. ಯಾರ ಮದುವೆಯಲ್ಲಿ ಲಾಡು ಕಡಿಮೆ ಬಿತ್ತು, ಹುಸೇನಮ್ಮನ ಅತ್ತೆ ಬಳೆ ತೊಡಿಸಿಕೊಂಡು ಏನಂದರು, ಒಂದಾದ ಮೇಲೊಂದು. ನಾನು ಮರೆತದ್ದೂ ಅವರಿಗೆ ನೆನಪಿತ್ತು. ಅಲ್ಲ ಕಣ್ರೀ, ಹನ್ನೆರಡು ವರ್ಷ ಆ ಚಪ್ಪರದ ಹಿಂದೆ ಕೂತು ಈ ಮನುಷ್ಯ ಮಾಡ್ತಿದ್ದದ್ದು ಇದಾ! ಚರಂಡಿ ಒಂದೇ ಕೇಳ್ತಿದೆ ಅಂತ ನಾನು ತಿಳಿದಿದ್ದೆ. ಅವರ ಕಾಲಡಿಯ ಮಣ್ಣು ಕುಸೀತಾ ಬಂತು. ಒಂದು ಹೆಜ್ಜೆ ಹಿಂದೆ ಇಡೋದು, ಮಾತಾಡೋದು, ಇನ್ನೊಂದು ಹೆಜ್ಜೆ ಹಿಂದೆ ಇಡೋದು. ಹೀರೆಕಾಯಿ ಚಪ್ಪರ ಮಗುಚಿಕೊಂಡು ನೀರಿಗೆ ಬಿತ್ತು. ಅವರು ಅದರ ಕಡೆ ನೋಡಲೂ ಇಲ್ಲ.

ನೀರು ನಡುವೆ ಬಂತು. ಆದರೂ ಒಂದು ಕವಲು ಇನ್ನೂ ನನ್ನ ಗೋಡೆಯ ಬುಡದಲ್ಲೇ ಮಣ್ಣು ಕೆರೀತಿತ್ತು. ದೇವೀರಪ್ಪನವರು ಸೊಂಟದಿಂದ ಕೈ ತೆಗೆದರು. ಈಗ ಬಂದದ್ದು ಅವರದೇ ಧ್ವನಿ.

“ಒಂಬತ್ತು ವರ್ಷದ ಹಿಂದಿನ ಮಾತು. ಯಜಮಾನ್ರ ಕರ್ಮ ಎಲ್ಲ ಮುಗಿದ ಮಾರನೇ ಬೆಳಿಗ್ಗೆ ಕಮಲಾಕ್ಷಮ್ಮ ಒಬ್ಬರೇ ಹಿತ್ತಲಿಗೆ ಬಂದ್ರು. ‘ಇನ್ಮೇಲೆ ಇಂಜಿನ್ನಿನ ಹ್ಯಾಂಡಲ್ ಯಾರು ಹೊಡೀತಾರೆ?’ ಅಂತ ಕೇಳಿದ್ರು. ಅಲ್ಲಿ ಯಾರೂ ಇರಲಿಲ್ಲ. ನಾನು ಇಲ್ಲಿದ್ದೆ. ನಾನು ಬರ್ತೀನಿ ತಾಯಿ, ಅಂತ ಒಂದು ಮಾತು ಅನ್ನಬಹುದಿತ್ತು. ಮಳೆಗಾಲ. ಬಾಯಿ ಬಿಟ್ರೆ ನೀರು ನನ್ನ ಕಡೆ ಬಂದೀತು ಅಂತ ಸುಮ್ಮನೆ ಕೂತೆ. ಆಮೇಲೆ ಯಾವ ಮಾತು ಆಡೋಕೂ ನಾಚಿಕೆ ಆಯ್ತು. ಗುಂಡಾಚಾರ್ರೇ, ಬರ್ಕೊಳ್ಳಿ. ಈ ಹನ್ನೊಂದು ಅಡಿ ನಾನು ಬಾಯಿ ಮುಚ್ಚಿಕೊಂಡು ಸಂಪಾದಿಸಿದ್ದು. ನಂದಲ್ಲ.”

ಗೋಡೆ ಬುಡದಲ್ಲಿದ್ದ ಕವಲೂ ಸದ್ದಿಲ್ಲದೆ ಆಚೆ ಹೋಯ್ತು. ಅವರ ದಂಡೆ ದೊಪ್ಪದೊಪ್ಪನೆ ಕುಸಿದು, ಅವರು ಮನೆಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನಾನು ಅತ್ತೆ. ಸದ್ದಿಲ್ಲದೆ ಅಳೋದು ನನಗೆ ಅಭ್ಯಾಸ ಇಲ್ಲ, ತುಂಬಾ ಕಷ್ಟವಾಯ್ತು. ಕಳ್ಳ ಅಂದಿದ್ದೆನಲ್ಲ, ಆ ಮಾತನ್ನ ಎಲ್ಲಿ ಹೋಗಿ ವಾಪಸ್ಸು ತರಲಿ ಅನ್ನಿಸ್ತು.

ಮೂರನೇ ದಿನ ಪುರಸಭೆಯಿಂದ ವರದಿ ಬಂತು. ಹೊಣೆಗಾರರು ಅನ್ನೋ ಕಡೆ ಮೂರು ಹೆಸರು ಬರೆದಿದ್ದರು: ಮಿತಿಯಿಲ್ಲದೆ ಮಾತಾಡಿದ ಗಿರಣಿ ಕಮಲಾಕ್ಷಮ್ಮ, ಆಡಬೇಕಾದ ಮಾತು ಆಡದ ದೇವೀರಪ್ಪ, ಕಲ್ಲು ಕಿತ್ತ ಪುರಸಭೆ. ಮೆಟ್ಟಿಲು ಕಿತ್ತು ನನ್ನ ಗೋಡೆಗೆ ಕಲ್ಲು ಕಟ್ಟಿದರು. ಆಫೀಸಿಗೆ ಈಗ ಒಂದು ಹಲಗೆ ಒರಗಿಸಿದಾರೆ, ಅಧ್ಯಕ್ಷರನ್ನ ದಿನಾ ಇಬ್ಬರು ಹಿಂದಿನಿಂದ ತಳ್ಳಿ ಹತ್ತಿಸ್ತಾರೆ. ಗಿರಣಿ ಮುಚ್ಚಬೇಕಿಲ್ಲ. ಜೋಳದ ವಿಷಯ ವರದಿಯಲ್ಲಿ ಇರಲಿಲ್ಲ, ಆದರೆ ಗುಂಡಾಚಾರ್ ಈಗ ಗೋಧಿ ತಾವೇ ಹೊತ್ತು ತರ್ತಾರೆ. ಇನ್ನೊಂದು ಆಜ್ಞೆಯೂ ಇತ್ತು. ಮಳೆಗಾಲ ಮುಗಿಯೋವರೆಗೆ ಪ್ರತಿ ಸಂಜೆ ಒಂದು ಗಂಟೆ ಇಬ್ಬರೂ ದಂಡೆಯಲ್ಲಿ ಕೂರತಕ್ಕದ್ದು. ಒಂದು ದಿನ ಈ ದಂಡೆಯವರು ಮಾತಾಡತಕ್ಕದ್ದು, ಮರುದಿನ ಆ ದಂಡೆಯವರು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ತೆರೆಯಕೂಡದು.

ಮೊದಲ ಸರದಿ ಅವರದು. ನಾನು ಗಿರಣಿ ಹಿಂಬಾಗಿಲಲ್ಲಿ ಕೂತೆ. ಅವರು ಮಣೆ ತಂದು ಎದುರಿಗೆ ಕೂತರು. ಕೆಮ್ಮಿದರು, ಆಕಾಶ ನೋಡಿದರು, ಅಂಗಿಯ ಗುಂಡಿ ಮುಟ್ಟಿಕೊಂಡರು. ನನ್ನ ಹೊಟ್ಟೆಯಲ್ಲಿ ಮಾತು ಕುದೀತಿದೆ, ಕ್ಷಮಿಸಿ ಅನ್ನಬೇಕು, ಇನ್ನೂ ನೂರು ಹೇಳಬೇಕು, ನಾಲಿಗೆ ಕಚ್ಚಿಕೊಂಡು ಕೂತಿದೀನಿ. ಕೊನೆಗೆ ಅವರೇ ಬಾಯಿ ಬಿಟ್ಟರು.

“ಕಮಲಾಕ್ಷಮ್ಮಾ, ಅವತ್ತು ನೀವು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಇಂಜಿನ್ನು ಶುರುವಾಯ್ತು. ಹ್ಯಾಂಡಲ್ ಹೊಡೆದೋರು ಯಾರು? ಒಂಬತ್ತು ವರ್ಷದಿಂದ ಕಾಯ್ತಿದೀನಿ. ಎಲ್ಲಾ ಹೇಳಿದ್ರಿ, ಅದೊಂದನ್ನ ಹುಸೇನಮ್ಮಂಗೂ ಹೇಳಲಿಲ್ಲ.”

ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

“ನಾನೇ ಹೊಡೆದೆ,” ಅಂದೆ. ನನ್ನ ಸರದಿ ಅಲ್ಲ ಅನ್ನೋದು ನೆನಪೇ ಆಗಲಿಲ್ಲ. “ಮೂರು ಸಲ ಹ್ಯಾಂಡಲ್ ವಾಪಸ್ಸು ಒದೀತು. ಮಣಿಕಟ್ಟು ಇಷ್ಟು ದಪ್ಪ ಊದಿಕೊಳ್ತು. ಹಾಳಾಗಿ ಹೋಗು ಅಂತ ಇಂಜಿನ್ನಿಗೂ ಬೈದೆ, ಅವರಿಗೂ ಬೈದೆ, ಸತ್ತವರಿಗೆ. ನಾಲ್ಕನೇ ಸಲಕ್ಕೆ ಹಿಡೀತು.”

ಅವರು ಮಣೆಯ ಮೇಲೆ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ನೀರು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ನೋಡಿ ನಡುವೆಯೇ ಹರೀತಿತ್ತು.

“ಕೈ ತುಂಬಾ ನೋವಾಗಿತ್ತಾ?” ಅಂದರು.

“ನೋವಾಗಿತ್ತು ರೀ,” ಅಂದೆ. “ತುಂಬಾ ನೋವಾಗಿತ್ತು.” ಅಷ್ಟು ಅಂದವಳು ಯಾಕೋ ನಕ್ಕುಬಿಟ್ಟೆ.